ಮೂರನೆಯ ಚರಣ

ನವೆಂಬರ್ ಒಂದನೆಯ ತಾರೀಕು ಹತ್ತಿರ ಬಂತೆಂದರೆ ನಮ್ಮಂಥ ಟೀಚರುಗಳಿಗೆ ಎರಡು ಚಿಂತೆ. ಕಪಾಟಿನೊಳಗೆ ಮಡಚಿಟ್ಟ ಧ್ವಜದ ಬಟ್ಟೆ ಇಲಿಯ ಬಾಯಿಗೆ ಬೀಳದೆ ಉಳಿದಿದೆಯೇ ಎನ್ನುವುದು ಒಂದು. ಮಕ್ಕಳಿಂದ ಯಾವ ಹಾಡು ಹಾಡಿಸುವುದು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಪೇಟೆಯ ಜವಳಿ ಅಂಗಡಿಯಲ್ಲಿ ಪರಿಹಾರ ಉಂಟು. ಎರಡನೆಯದು ನಿಜವಾಗಿ ಚಿಂತೆಯೇ ಅಲ್ಲ. ಸ್ಟಾಫ್ ರೂಮಿನಲ್ಲಿ ಹತ್ತು ನಿಮಿಷ ಚರ್ಚೆ ನಡೆಯುತ್ತದೆ, ಹೊಸ ಹಾಡು ಕಲಿಸೋಣ ಎಂದು ಒಬ್ಬರಾದರೂ ಹೇಳುತ್ತಾರೆ, ಕೊನೆಗೆ ಎಲ್ಲರೂ ಬಂದು ನಿಲ್ಲುವುದು ‘ನಿತ್ಯೋತ್ಸವ’ದಲ್ಲಿಯೇ. ಮೂವತ್ತು ವರ್ಷಗಳಿಗೂ ಮೀರಿದ ನನ್ನ ನೌಕರಿಯಲ್ಲಿ ಈ ಹಾಡನ್ನು ಎಷ್ಟು ಮಕ್ಕಳಿಗೆ ಕಲಿಸಿದ್ದೇನೋ ಲೆಕ್ಕ ಇಟ್ಟಿಲ್ಲ. ಆದರೆ ಅದರಲ್ಲಿ ನಾನು ಮಾಡುತ್ತ ಬಂದ ಒಂದು ತಪ್ಪಿನ ಲೆಕ್ಕ ಮಾತ್ರ ಇದೆ. ಅದನ್ನು ಹೇಳುವ ಮೊದಲು ಹಾಡಿನ ಕಥೆಯನ್ನು ಹೇಳಬೇಕು.

ನಾನು ಹುಟ್ಟಿದ್ದು ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ. ಮನೆಮಾತು ತುಳು. ಕನ್ನಡ ಎಂದರೆ ಶಾಲೆಯ ಭಾಷೆ, ಯಕ್ಷಗಾನದ ಭಾಷೆ, ರೇಡಿಯೋದ ಭಾಷೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ಮಧ್ಯಾಹ್ನದ ಊಟವಾದ ಮೇಲೆ ಅಕ್ಕಪಕ್ಕದ ನಾಲ್ಕೈದು ಹೆಂಗಸರು ನಮ್ಮ ಜಗಲಿಯಲ್ಲಿ ತಡ್ಪೆ ಹಿಡಿದು ಕೂರುತ್ತಿದ್ದರು. ಎಲೆ ಕತ್ತರಿಸುವ ಕತ್ತರಿಯ ಸದ್ದು ಒಂದು ಕಡೆ, ಮಾತು ಇನ್ನೊಂದು ಕಡೆ. 1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ಆರಂಭವಾದ ಮೇಲೆ ಮಾತಿನ ಜಾಗಕ್ಕೆ ರೇಡಿಯೋ ಬಂತು. ಕೈಗೆ ಬಿಡುವಿಲ್ಲದವರಿಗೆ ಕಿವಿಗಾದರೂ ಬಿಡುವು ಸಿಕ್ಕಿದ ಹಾಗಾಯಿತು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸನ್ಸಿನ ಹಣ ಕಟ್ಟಬೇಕಾಗಿದ್ದ ಕಾಲ ಅದು. ಅಪ್ಪ ಪ್ರತಿ ವರ್ಷ ಗೊಣಗುತ್ತಲೇ ಕಟ್ಟಿ ಬರುತ್ತಿದ್ದರು.

‘ನಿತ್ಯೋತ್ಸವ’ ನನ್ನ ಕಿವಿಗೆ ಮೊದಲು ಬಿದ್ದದ್ದು ಮಾತ್ರ ರೇಡಿಯೋದಿಂದ ಅಲ್ಲ, ನೆರೆಮನೆಯ ಟೇಪ್ ರೆಕಾರ್ಡರಿನಿಂದ. ಬ್ಯಾರಿಗಳ ಮನೆ ಅದು. ಅವರ ದೊಡ್ಡ ಮಗ ಗಲ್ಫಿನಿಂದ ರಜೆಯಲ್ಲಿ ಬರುವಾಗ ಟೂ ಇನ್ ಒನ್ ತಂದಿದ್ದ. ಊರಿಗೆ ಊರೇ ಅದನ್ನು ನೋಡಲು ಹೋದದ್ದುಂಟು. ಮಂಗಳೂರಿನಲ್ಲಿ ಕೊಂಡ ನಾಲ್ಕೈದು ಕ್ಯಾಸೆಟ್ಟುಗಳಲ್ಲಿ ಇದೂ ಒಂದಾಗಿತ್ತು. ನನಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಪದ ಅರ್ಧ ಅರ್ಥವಾಗುತ್ತಿತ್ತು, ಅರ್ಧ ಇಲ್ಲ. ರಾಗ ಮಾತ್ರ ಒಮ್ಮೆ ಕೇಳಿದರೆ ಸಾಕು, ದಾರಿಯುದ್ದಕ್ಕೂ ಹಿಂದೆಯೇ ಬರುತ್ತಿತ್ತು.

ಮನೆಗೆ ಬಂದು ಹಾಡಿದಾಗ ಅಜ್ಜಿ ಕೇಳಿದ ಪ್ರಶ್ನೆ ಈಗಲೂ ನೆನಪಿದೆ: “ಯಾವ ದೇವಸ್ಥಾನದ್ದು ಮಗಾ ಅದು?” ಅಜ್ಜಿಯ ತಪ್ಪೇನಿಲ್ಲ. ನಮ್ಮ ಕಡೆ ಉತ್ಸವವೆಂದರೆ ದೇವರದ್ದೇ. ವರ್ಷಕ್ಕೊಮ್ಮೆ ಜಾತ್ರೆ, ತೇರು. ದೊಡ್ಡ ದೇವಸ್ಥಾನಗಳಲ್ಲಿ ಪ್ರತಿದಿನ ಉತ್ಸವಮೂರ್ತಿಯನ್ನು ಅಂಗಳದಲ್ಲಿ ಸುತ್ತು ತರುವುದಕ್ಕೆ ನಿತ್ಯೋತ್ಸವ ಎಂದು ಹೆಸರು. ತೇರಿನ ಗದ್ದಲ ಅದರಲ್ಲಿಲ್ಲ, ಜನವೂ ಹೆಚ್ಚಿಲ್ಲ. ಆದರೆ ಒಂದು ದಿನವೂ ತಪ್ಪುವುದಿಲ್ಲ. ಕವಿ ಆ ಮಾತನ್ನು ಗರ್ಭಗುಡಿಯ ಅಂಗಳದಿಂದ ಎತ್ತಿ ಇಡೀ ನಾಡಿಗೆ ಇಟ್ಟಿದ್ದಾರೆ ಎನ್ನುವುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಕವಿಯ ಹೆಸರು ಕೆ.ಎಸ್. ನಿಸಾರ್ ಅಹಮದ್ ಎನ್ನುವುದೂ ಆಗ ನನಗೆ ಗೊತ್ತಿರಲಿಲ್ಲ. ಹಾಡು ಮೊದಲು ಬಂತು, ಹೆಸರು ಆಮೇಲೆ ಬಂತು. ನಮ್ಮಲ್ಲಿ ಬಹಳ ಜನಕ್ಕೆ ಹಾಗೆಯೇ ಆಗಿರಬೇಕು.

ಹಾಡುಗಳು ಊರೂರಿಗೆ ಹೋಗುವುದಕ್ಕೆ ಪ್ರತಿಯೊಂದು ಕಾಲದಲ್ಲೂ ಒಂದೊಂದು ವಾಹನ ಉಂಟು. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ಮಕ್ಕಳ ಪದ್ಯಗಳಿಗೆ ಮಾಸ್ತರುಗಳೇ ವಾಹನ. ಪಂಜೆಯವರು ಶಾಲೆಗಳ ಇನ್‌ಸ್ಪೆಕ್ಟರೂ ಆಗಿದ್ದವರು. ಅವರ ಪದ್ಯಗಳು ಪಾಠದ ಪುಸ್ತಕದಿಂದ ಮಾಸ್ತರರ ಬಾಯಿಗೆ, ಅಲ್ಲಿಂದ ಮಕ್ಕಳ ಬಾಯಿಗೆ ಬಂದು ಇಂದಿಗೂ ಉಳಿದಿವೆ. ಆಮೇಲೆ ಗ್ರಾಮಫೋನ್ ಬಂತು. ಉಡುಪಿಯ ಕಡೆಯ ಆರೂರಿನಲ್ಲಿ 1914ರಲ್ಲಿ ಹುಟ್ಟಿದ ಪಿ. ಕಾಳಿಂಗರಾಯರು ಕನ್ನಡ ಕವಿಗಳ ಕವಿತೆಗಳನ್ನು ವೇದಿಕೆಯಲ್ಲಿ, ರೇಡಿಯೋದಲ್ಲಿ, ರೆಕಾರ್ಡುಗಳಲ್ಲಿ ಹಾಡಿ, ಕವಿತೆ ಎಂದರೆ ಪುಸ್ತಕದಲ್ಲಿ ಮಲಗಿರುವ ವಸ್ತುವಲ್ಲ ಎಂದು ತೋರಿಸಿಕೊಟ್ಟರು. ಆದರೆ ಹಳೆಯ 78ರ ವೇಗದ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ಎಷ್ಟೇ ಉದ್ದದ ಕವಿತೆಯಾದರೂ ಆ ಮೂರು ನಿಮಿಷಕ್ಕೆ ಕತ್ತರಿಸಿಕೊಳ್ಳಬೇಕು. ಗ್ರಾಮಫೋನ್ ಇದ್ದದ್ದಾದರೂ ಯಾರ ಮನೆಯಲ್ಲಿ? ಊರಿಗೊಬ್ಬ ಸಾಹುಕಾರನ ಮನೆಯಲ್ಲಿ.

ಕ್ಯಾಸೆಟ್ಟು ಬಂದ ಮೇಲೆ ಇದೆಲ್ಲ ಬದಲಾಯಿತು. ಹಾಲೆಂಡಿನ ಫಿಲಿಪ್ಸ್ ಕಂಪೆನಿ ಅದನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ. ನಮ್ಮ ದೇಶದ ಮನೆಮನೆಗೆ ಅದು ನುಗ್ಗಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಎಂಬತ್ತರ ದಶಕದಲ್ಲಿ. ಅಂಗೈಯಷ್ಟು ಡಬ್ಬಿ. ಒಂದು ಮಗ್ಗುಲಿಗೆ ಅರ್ಧ ಗಂಟೆ. ಬಿದ್ದರೆ ಒಡೆಯುವುದಿಲ್ಲ. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ತಿರುಗಿಸಿದರಾಯಿತು. ನಿಮ್ಮಲ್ಲಿ ಐವತ್ತು ದಾಟಿದವರಿಗೆ ಆ ಪೆನ್ಸಿಲ್ಲಿನ ಮಾತು ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಸಿನಿಮಾದ ಹಂಗಿಲ್ಲದೆ, ಬರೀ ಭಾವಗೀತೆಗಳನ್ನೇ ನೆಚ್ಚಿ ಬಂದ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು ‘ನಿತ್ಯೋತ್ಸವ’. ಕವಿತೆಗಳೆಲ್ಲ ನಿಸಾರ್ ಅಹಮದರವು, ಹಾಡಿಗೆ ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಅದೇ ಹೆಸರಿನ ಕವನ ಸಂಕಲನ ಬಂದದ್ದು 1976ರಲ್ಲಿ, ಧ್ವನಿಸುರುಳಿ ಬಂದದ್ದು 1978ರಲ್ಲಿ. ಕವಿತೆ ಪುಸ್ತಕವಾಗಿ ಬಂದು ಎರಡೇ ವರ್ಷಕ್ಕೆ ಹಾಡಾಗಿ ಅಂಗಡಿಗೆ ಬಂತು. ಹೀರೋ ಇಲ್ಲ, ಹೀರೋಯಿನ್ ಇಲ್ಲ, ಗೋಡೆಯ ಮೇಲೆ ಪೋಸ್ಟರ್ ಇಲ್ಲ. ಜೋಗ, ತುಂಗೆ, ಸಹ್ಯಾದ್ರಿ, ತೇಗ, ಗಂಧ ಇಷ್ಟನ್ನು ನಂಬಿಕೊಂಡು ಒಂದು ಹಾಡು ಸಂತೆಗೆ ಹೊರಟಿತು. ಅದು ಗೆದ್ದ ಮೇಲೆ ಉಳಿದವಕ್ಕೂ ದಾರಿಯಾಯಿತು. ಕೆ.ಎಸ್. ನರಸಿಂಹಸ್ವಾಮಿಯವರ ಮಲ್ಲಿಗೆಯ ಕವಿತೆಗಳು, ಶಿಶುನಾಳ ಷರೀಫರ ತತ್ತ್ವಪದಗಳು ಸಿ. ಅಶ್ವಥ್ ಮುಂತಾದವರ ಕಂಠದಲ್ಲಿ ಕ್ಯಾಸೆಟ್ಟುಗಳಾಗಿ ಬಸ್ಸಿನೊಳಗೂ ಮದುವೆಯ ಚಪ್ಪರದೊಳಗೂ ಕೇಳತೊಡಗಿದ್ದು ಆ ದಾರಿಯಲ್ಲಿಯೇ.

ಹೆಂಗಸರ ಮಟ್ಟಿಗೆ ಇದೊಂದು ಸಣ್ಣ ಕ್ರಾಂತಿಯೇ ಎನ್ನುತ್ತೇನೆ ನಾನು. ಅಮ್ಮ ಒಂದು ಸಂಗೀತ ಕಚೇರಿಗೆ ಹೋದವಳಲ್ಲ. ಟಾಕೀಸಿಗೆ ಹೋದದ್ದು ಬೆರಳೆಣಿಕೆ, ಅದೂ ಅಪ್ಪನ ಜೊತೆಗೆ. ರೇಡಿಯೋದಲ್ಲಿ ಅವಳಿಗೆ ಬೇಕಾದ ಹಾಡು ಬರುವ ಹೊತ್ತಿಗೆ ಅನ್ನ ಬಸಿಯುವ ಕೆಲಸ ಇರುತ್ತಿತ್ತು. ಕ್ಯಾಸೆಟ್ಟು ಹಾಗಲ್ಲ. ಅವಳಿಗೆ ಬಿಡುವಾದಾಗ ಅದು ಹಾಡಿತು, ಕೆಲಸ ಬಂದಾಗ ಕಾದಿತು. ನನ್ನ ಅಣ್ಣ ಖಾಲಿ ಕ್ಯಾಸೆಟ್ಟು ಕೊಂಡು ನೆರೆಮನೆಯಿಂದ ‘ನಿತ್ಯೋತ್ಸವ’ವನ್ನು ಇಳಿಸಿ ತಂದ. ಅದರಿಂದ ಇನ್ನು ಮೂರು ಮನೆಗಳವರು ಇಳಿಸಿಕೊಂಡರು. ಹೀಗೆ ಇಳಿಸಿಕೊಂಡದ್ದರಲ್ಲಿ ಕವಿಗೂ ಗಾಯಕರಿಗೂ ಮೂರು ಕಾಸು ಸೇರಲಿಲ್ಲ. ಅದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಬೀಡಿ ಕಟ್ಟುವ ಜಗಲಿಯವರೆಗೆ ಆ ಹಾಡು ಬಂದದ್ದು ಹಾಗೆಯೇ.

ಇನ್ನು ಹಾಡಿನ ಯಜಮಾನರ ವಿಚಾರ. ನಿಸಾರ್ ಅಹಮದ್ ಹುಟ್ಟಿದ್ದು ದೇವನಹಳ್ಳಿಯಲ್ಲಿ, 1936ರ ಫೆಬ್ರವರಿ 5ರಂದು. ಓದಿದ್ದು, ಕಲಿಸಿದ್ದು ಭೂವಿಜ್ಞಾನ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲೂ ಮೇಷ್ಟರಾಗಿದ್ದವರು. ಅನಂತಸ್ವಾಮಿಯವರು ಹುಟ್ಟಿದ್ದೂ ಅದೇ 1936ರಲ್ಲಿ. ಒಬ್ಬರು ಕಲ್ಲು ಮಣ್ಣಿನ ಪಾಠ ಹೇಳುವವರು, ಇನ್ನೊಬ್ಬರು ಹಾರ್ಮೋನಿಯಂ ಹಿಡಿದು ಊರೂರು ತಿರುಗಿದವರು. ಕುವೆಂಪು ಅವರ ನಾಡಗೀತೆಗೂ ಇದೇ ಅನಂತಸ್ವಾಮಿಯವರ ರಾಗ ಇದೆ. ಸರಕಾರ ಆ ಗೀತೆಯನ್ನು ನಾಡಗೀತೆ ಎಂದು ಒಪ್ಪಿದ್ದು 2004ರಲ್ಲಿ. ಅದನ್ನು ಯಾವ ರಾಗದಲ್ಲಿ, ಎಷ್ಟು ಹೊತ್ತು ಹಾಡಬೇಕು ಎನ್ನುವ ಜಗ್ಗಾಟ ಮುಗಿಯದೆ, 2022ರಲ್ಲಿ ಅನಂತಸ್ವಾಮಿಯವರ ಧಾಟಿ, ಎರಡೂವರೆ ನಿಮಿಷ ಎಂದು ತೀರ್ಮಾನವಾಯಿತು. ಹಾಗಾಗಿ ನಮ್ಮ ಶಾಲೆಗಳಲ್ಲಿ ಬೆಳಗ್ಗಿನ ಪ್ರಾರ್ಥನೆಗೆ ನಿಂತಾಗಲೂ ರಾಜ್ಯೋತ್ಸವದ ಮಂಟಪದಲ್ಲಿಯೂ ಮಕ್ಕಳು ಹಾಡುವುದು ಒಬ್ಬರೇ ಹಾಕಿದ ರಾಗಗಳನ್ನು. ಎರಡನ್ನೂ ಒಂದೇ ಎಂದುಕೊಂಡು ‘ನಿತ್ಯೋತ್ಸವ’ಕ್ಕೆ ಎದ್ದು ನಿಲ್ಲುವವರನ್ನು ನಾನು ಎಷ್ಟೋ ಸಭೆಗಳಲ್ಲಿ ಕಂಡಿದ್ದೇನೆ. ನಿಲ್ಲಲಿ ಬಿಡಿ, ಕಾಲಿಗೇನೂ ನಷ್ಟವಿಲ್ಲ.

ಹಾಡಿಗೆ ಮೂರು ಚರಣ. ಮೊದಲನೆಯದರಲ್ಲಿ ಕಾಡು, ಬೆಟ್ಟ, ನದಿ. ಎರಡನೆಯದರಲ್ಲಿ ಚರಿತ್ರೆ: ಸಿಂಹಾಸನ, ಶಾಸನ, ತಾಳೆಯೋಲೆ, ದೇಗುಲದ ಗೋಡೆ. ಮೂರನೆಯದರಲ್ಲಿ ಮರವೂ ಇಲ್ಲ, ಅರಸರೂ ಇಲ್ಲ. ಅಲ್ಲಿರುವುದು ಈ ನೆಲದ ಮನುಷ್ಯರ ಮನಸ್ಸು. ಕುಲ ಎಣಿಸದ ದೊಡ್ಡತನ, ಲೋಕಕ್ಕೆ ಬಾಗಿಲು ತೆರೆದಿಟ್ಟ ನುಡಿ, ಹೊಟ್ಟೆಕಿಚ್ಚಿಲ್ಲದ ಉದಾರ ಗುಣ. ನಾನು ಹೇಳಹೊರಟ ತಪ್ಪು ಈ ಮೂರನೆಯ ಚರಣಕ್ಕೆ ಸಂಬಂಧಪಟ್ಟದ್ದು.

ಬಿ.ಎಡ್. ಮುಗಿಸಿ ನಾನು ಮೊದಲು ಕೆಲಸಕ್ಕೆ ಸೇರಿದ್ದು 1993ರಲ್ಲಿ, ಬೆಳ್ತಂಗಡಿ ತಾಲೂಕಿನ ಒಂದು ಹೈಸ್ಕೂಲಿಗೆ. ತರಗತಿಯ ಕಿಟಕಿಯಲ್ಲಿ ನಿಂತರೆ ಪೂರ್ವಕ್ಕೆ ಪಶ್ಚಿಮಘಟ್ಟದ ಸಾಲು. ಮಳೆ ಬಿಟ್ಟ ಮರುದಿನ ಕುದುರೆಮುಖದ ತುದಿ ತೊಳೆದಿಟ್ಟ ಹಾಗೆ ಕಾಣುತ್ತಿತ್ತು. ಆ ಬೆಟ್ಟಗಳ ಆಚೆ ಮಗ್ಗುಲಲ್ಲಿ ಆಗ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಕುದುರೆಮುಖ ಕಂಪೆನಿ ಹುಟ್ಟಿದ್ದು 1976ರಲ್ಲಿ, ಅಂದರೆ ಸಂಕಲನ ಬಂದ ವರ್ಷದಲ್ಲಿಯೇ. ಗಣಿ ನಿಂತದ್ದು ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಯಲ್ಲಿ. ಸಹ್ಯಾದ್ರಿಯನ್ನು ಹಾಡಿದ ಕವಿಗಳು ಎಷ್ಟೋ ಮಂದಿ. ಎಲ್ಲರೂ ಮುಗಿಲು, ಮಂಜು, ಹಸಿರು ಎಂದವರೇ. ಅದರ ಹೊಟ್ಟೆಯ ಅದಿರನ್ನೂ ಹಾಡಿನೊಳಕ್ಕೆ ತಂದವರು ನಿಸಾರ್. ಭೂವಿಜ್ಞಾನದ ಮೇಷ್ಟರಲ್ಲವೇ! ಆ ಪದವನ್ನು ನಾನು ಸಮಾಜದ ಪಾಠದಲ್ಲಿ ಖನಿಜದ ಬಗ್ಗೆ ಹೇಳುವಾಗ ಬಳಸುತ್ತಿದ್ದೆ. ಹಾಡಿನಲ್ಲಿದ್ದ ಶಬ್ದ ಪರೀಕ್ಷೆಯಲ್ಲಿಯೂ ಬಂತೆಂದು ಮಕ್ಕಳಿಗೆ ಖುಷಿ.

ಅಲ್ಲಿ ನಾನು ಸೇರಿದ ವರ್ಷವೇ ಭಾವಗೀತೆಯ ಸಮೂಹಗಾನ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ತಲೆಗೆ ಬಂತು. ಐದೇ ನಿಮಿಷ, ಮೀರಿದರೆ ಅಂಕ ಕಡಿತ. ನಮ್ಮ ಹಾರ್ಮೋನಿಯಂ ಮೇಷ್ಟರಿಗೆ ಪೀಠಿಕೆ ಜೋರಾಗಿ ಬರಬೇಕು, ಚರಣ ಚರಣಕ್ಕೂ ನಡುವೆ ಅವರ ಕೈಚಳಕ ಕಾಣಬೇಕು. ಪ್ರಾಕ್ಟೀಸಿನಲ್ಲಿ ಹಾಡು ಆರು ನಿಮಿಷಕ್ಕೆ ಹೋಯಿತು. ಏನು ಬಿಡುವುದು? ನಾನು ಹೆಚ್ಚು ಯೋಚನೆ ಮಾಡಲಿಲ್ಲ. ಪ್ರಕೃತಿ ಬೇಕು, ಚರಿತ್ರೆ ಬೇಕು. ಮೂರನೆಯದು ಮಕ್ಕಳ ನಾಲಗೆಗೆ ಕಷ್ಟ, ಸಂಸ್ಕೃತದ ಮಾತು ಜಾಸ್ತಿ ಎಂದು ಅದನ್ನು ಬಿಡಿಸಿದೆ. ಬಹುಮಾನ ಬಂತು. ಬಹುಮಾನ ಬಂದ ಮೇಲೆ ಕೇಳಬೇಕೇ? ಅದೇ ಪದ್ಧತಿಯಾಯಿತು. ನೋಟು ಪುಸ್ತಕದಲ್ಲಿ ಎರಡೇ ಚರಣ ಬರೆಸಿದೆ. ಆ ನೋಟು ಅಕ್ಕನಿಂದ ತಂಗಿಗೆ ಹೋಯಿತು.

1995ರ ಜನವರಿಯಲ್ಲಿ ಅನಂತಸ್ವಾಮಿ ತೀರಿಕೊಂಡರು. ಮರುದಿನದ ಪ್ರಾರ್ಥನೆಯಲ್ಲಿ ನಾವು ಇದೇ ಹಾಡನ್ನು ಹಾಡಿದೆವು. ಆಗಲೂ ಎರಡೇ ಚರಣ.

2003ರಲ್ಲಿ ವರ್ಗವಾಗಿ ಮೂಡುಬಿದಿರೆಯ ಕಡೆಗೆ ಬಂದೆ. ಬೆಳ್ತಂಗಡಿಯಿಂದ ಗುರುವಾಯನಕೆರೆ, ವೇಣೂರು ದಾಟಿ ಬರುವ ದಾರಿ. ವೇಣೂರಿನಲ್ಲಿ 1604ರ ಗೊಮ್ಮಟ, ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ. ಚರಿತ್ರೆ ಕಲಿಸುವವಳಿಗೆ ಇದಕ್ಕಿಂತ ಒಳ್ಳೆಯ ವರ್ಗಾವಣೆ ಬೇಕೇ? ಎರಡನೆಯ ಚರಣದ ತಾಳೆಯೋಲೆ ಎಂದರೇನೆಂದು ಮಕ್ಕಳಿಗೆ ಹೇಳಲು ಪುಸ್ತಕ ಬೇಕಾಗಲಿಲ್ಲ. ಧವಲಾ, ಜಯಧವಲಾ ಮೊದಲಾದ ಗ್ರಂಥಗಳ ಓಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದ ಊರು ಇದು. ಆ ಗ್ರಂಥಗಳ ಭಾಷೆ ಕನ್ನಡವಲ್ಲ, ಪ್ರಾಕೃತ. ಆದರೆ ಓಲೆಯ ಮೇಲಿನ ಅಕ್ಷರ ಕನ್ನಡ. ಉತ್ತರದ ಭಾಷೆಯೊಂದರ ಜ್ಞಾನ ದಕ್ಷಿಣದ ಮೂಲೆಯಲ್ಲಿ, ನಮ್ಮ ಹಳೆಯ ಲಿಪಿಯಲ್ಲಿ ಉಳಿದುಕೊಂಡಿತು. ಇದನ್ನು ಮಕ್ಕಳಿಗೆ ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತಿತ್ತು. ಆದರೆ ಬೇರೆಯವರ ಮಾತಿಗೆ ನಮ್ಮ ಅಕ್ಷರ ಕೊಟ್ಟು ಕಾಪಾಡಿದ ಆ ಗುಣವನ್ನೇ ಕವಿ ಮೂರನೆಯ ಚರಣದಲ್ಲಿ ಹೇಳಿದ್ದಾರೆ ಎಂದು ಮಾತ್ರ ತಲೆಗೆ ಹೊಳೆಯಲಿಲ್ಲ. ಹೊಳೆಯುವುದಾದರೂ ಹೇಗೆ? ಹಾಡುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು.

2004ರಲ್ಲಿ ಮೂಡುಬಿದಿರೆಯಲ್ಲಿ ಆಳ್ವಾಸ್ ನುಡಿಸಿರಿ ಆರಂಭವಾಯಿತು. ಆ ದಿನಗಳಲ್ಲಿ ಊಟದ ಸಾಲಿನಲ್ಲಿ ನಿಂತವರಲ್ಲಿ ಒಬ್ಬರು ಈ ಹಾಡನ್ನು ಗುನುಗಿದರೆ ಸಾಕು, ಹಾವೇರಿಯವರೋ ಕೋಲಾರದವರೋ ಗುರುತಿಲ್ಲದ ಹೆಂಗಸರು ದನಿಗೂಡಿಸುತ್ತಿದ್ದರು. ಹಾಡು ಇಷ್ಟು ಕಾಲ ಬಾಳಿದ್ದು ಏಕೆಂದು ಅಲ್ಲಿ ನನಗೆ ಸ್ವಲ್ಪ ಅಂದಾಜಾಯಿತು. ಪಲ್ಲವಿಯ ಧಾಟಿ ಹತ್ತು ಜನ ಸೇರಿ ಹಾಡುವುದಕ್ಕೇ ಹೇಳಿ ಮಾಡಿಸಿದಂತಿದೆ. ಒಬ್ಬರ ಶ್ರುತಿ ಜಾರಿದರೆ ಇನ್ನೊಬ್ಬರು ಹಿಡಿಯುತ್ತಾರೆ. ಸಿನಿಮಾದ ಹಾಡಾದರೆ ತೆರೆಯ ಮೇಲಿನ ಮುಖ ನೆನಪಿಗೆ ಬರುತ್ತದೆ, ಆ ಮುಖ ಹಳೆಯದಾದಂತೆ ಹಾಡೂ ಹಳೆಯದಾಗುತ್ತದೆ. ಇದಕ್ಕೆ ಯಾರ ಮುಖವೂ ಇಲ್ಲ. ಕ್ಯಾಸೆಟ್ಟು ಹೋಗಿ ಸೀಡಿ ಬಂತು, ಸೀಡಿ ಹೋಗಿ ಮೊಬೈಲು ಬಂತು. ವಾಹನ ಬದಲಾದರೂ ಪ್ರಯಾಣಿಕ ಇಳಿಯಲಿಲ್ಲ. ವರ್ಷಕ್ಕೊಮ್ಮೆ ನಮ್ಮಂಥ ಟೀಚರುಗಳು ಇದನ್ನು ಮಕ್ಕಳ ಬಾಯಿಗೆ ಹಾಕುತ್ತೇವಲ್ಲ, ಅದೂ ಒಂದು ಕಾರಣವೇ. ಪಂಜೆಯವರ ಕಾಲದ ಹಳೆಯ ವಾಹನ ನಾವು, ಇನ್ನೂ ಓಡುತ್ತಿದ್ದೇವೆ. ಆದರೆ ನಾವು ಇಳಿಸಿಹೋದ ಸಾಮಾನು ಮಾತ್ರ ಊರು ತಲುಪುವುದಿಲ್ಲ.

2012ರಲ್ಲಿ ನಾನು ಬಂಟ್ವಾಳ ತಾಲೂಕಿಗೆ ಮರಳಿದೆ. ಬಂಟ್ವಾಳವೆಂದರೆ ವ್ಯಾಪಾರದ ಊರು, ನೇತ್ರಾವತಿಯ ದಡ. ನನ್ನ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳನ್ನು ಮನೆಯಲ್ಲಿ ಆಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರೆಲ್ಲರಿಗೂ ಕನ್ನಡ ಶಾಲೆಗೆ ಬಂದ ಮೇಲಿನ ಮಾತು, ನನಗೆ ಇದ್ದ ಹಾಗೆಯೇ.

2017ರ ಮಳೆಗಾಲ ಈ ತಾಲೂಕಿನವರಿಗೆ ಮರೆಯುವಂಥದ್ದಲ್ಲ. ಗಲಭೆ, ವಾರಗಟ್ಟಲೆ ನಿಷೇಧಾಜ್ಞೆ, ಸಂಜೆ ಬೇಗ ಬಾಗಿಲು ಹಾಕುವ ಅಂಗಡಿಗಳು. ಶಾಲೆ ನಡೆಯುತ್ತಿತ್ತು, ಹಾಜರಿ ಮಾತ್ರ ತೆಳ್ಳಗೆ. ಬಂದ ಮಕ್ಕಳು ಜಗಳವಾಡುತ್ತಿರಲಿಲ್ಲ. ಜಗಳವಾಡಿದ್ದರೆ ನಾನು ಹೆದರುತ್ತಿರಲಿಲ್ಲ, ಮಕ್ಕಳ ಜಗಳ ಎಷ್ಟು ಹೊತ್ತಿನದು? ಅವರು ಸುಮ್ಮನಿದ್ದರು. ಬೆಂಚುಗಳಲ್ಲಿ ಕೂರುವ ಕ್ರಮ ತನ್ನಷ್ಟಕ್ಕೆ ಬದಲಾಗಿತ್ತು. ಇಂಥವರು ಇಲ್ಲಿ, ಅಂಥವರು ಅಲ್ಲಿ. ಯಾರೂ ಹೇಳಿ ಕೂರಿಸಿದ್ದಲ್ಲ. ನಾನು ಕಂಡೂ ಕಾಣದವಳ ಹಾಗೆ ಪಾಠ ಮಾಡಿದೆ. ಅದನ್ನೂ ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಸೆಪ್ಟೆಂಬರಿನಲ್ಲಿ ಮೈಸೂರು ದಸರಾ ಉದ್ಘಾಟಿಸಿದವರು ನಿಸಾರ್ ಅಹಮದರು. ಸ್ಟಾಫ್ ರೂಮಿನಲ್ಲಿ ಪತ್ರಿಕೆಯ ಚಿತ್ರ ನೋಡಿ, “ನಮ್ಮ ಹಾಡಿನವರು” ಎಂದರು ಒಬ್ಬರು. ಅಕ್ಟೋಬರಿನಲ್ಲಿ ರಾಜ್ಯೋತ್ಸವದ ಪ್ರಾಕ್ಟೀಸು ಶುರುವಾಯಿತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಮನೆಯಲ್ಲಿ ಬ್ಯಾರಿ ಮಾತಾಡುವವಳು. ಶಾಲೆಯಲ್ಲಿಯೇ ಒಳ್ಳೆಯ ಕಂಠ ಅವಳದು, ಆದರೆ ಜೂನ್ ತಿಂಗಳಿಂದ ಬಾಯಿ ತೆರೆದದ್ದು ಕಡಿಮೆ. ನಾನು ಎಂದಿನಂತೆ ಬೋರ್ಡಿನ ಮೇಲೆ ಎರಡು ಚರಣ ಬರೆದು ಚಾಕ್‌ಪೀಸ್ ಕೆಳಗಿಟ್ಟೆ. ಅವಳು ಎದ್ದು ನಿಂತು ಕೇಳಿದಳು: “ಟೀಚರ್, ಮೂರನೆಯದು ಉಂಟಲ್ಲ, ಅದನ್ನು ಯಾಕೆ ಬಿಡುವುದು?”

“ಟೈಮ್ ಸಾಲುವುದಿಲ್ಲ ಮಗಾ” ಎಂದೆ.

ಅವಳು ಕುಳಿತಳು. ಮತ್ತೆ ಕೇಳಲಿಲ್ಲ. ಕೇಳಿದ್ದರೆ ಗದರಿಸಿ ಮುಗಿಸಬಹುದಾಗಿತ್ತು.

ಆ ರಾತ್ರಿ ಮನೆಯಲ್ಲಿ ಕವಿತೆಯನ್ನು ತೆಗೆದು ಓದಿದೆ. ಇಪ್ಪತ್ತನಾಲ್ಕು ವರ್ಷಗಳಿಂದ ನಾನು ಬಿಡಿಸುತ್ತ ಬಂದದ್ದು ಏನನ್ನು ಎಂದು ಆಗ ಸರಿಯಾಗಿ ನೋಡಿದೆ. ಮರ ಉಳಿಸಿಕೊಂಡಿದ್ದೆ, ಕಲ್ಲು ಉಳಿಸಿಕೊಂಡಿದ್ದೆ, ಮನುಷ್ಯರನ್ನು ಬಿಟ್ಟಿದ್ದೆ. ಇದೇ ಕವಿಯ ಹಿಂದಿನ ಸಂಕಲನವೊಂದರ ಹೆಸರು ‘ನಾನೆಂಬ ಪರಕೀಯ’. ಅದು ಬಂದದ್ದು 1972ರಲ್ಲಿ. ತನ್ನನ್ನು ಪರಕೀಯ ಎಂದು ಕರೆದುಕೊಂಡ ಪುಸ್ತಕವಾಗಿ ನಾಲ್ಕು ವರ್ಷಕ್ಕೆ ಅದೇ ಲೇಖನಿಯಿಂದ ನಾಡನ್ನು ತಾಯಿಯೆಂದು ಕರೆದು, ಆಕೆಗೆ ದಿನವೂ ಉತ್ಸವ ಎನ್ನುವ ಹಾಡು ಬಂತು. ನಡುವೆ ಆ ಮನಸ್ಸು ಎಷ್ಟು ದೂರ ನಡೆದಿರಬೇಕು! ನಡೆದು ತಲುಪಿದ ಜಾಗವೇ ಮೂರನೆಯ ಚರಣ ಎಂದು ನನಗೆ ಅನ್ನಿಸಿತು. ಅದನ್ನು ಬಿಟ್ಟರೆ ಹಾಡು ಚೆಂದವೇ, ಆದರೆ ಪ್ರವಾಸೋದ್ಯಮದ ಕ್ಯಾಲೆಂಡರಿನ ಚೆಂದ.

ಮಾರನೆಯ ದಿನ ಗಡಿಯಾರ ಎದುರಿಗಿಟ್ಟು ಮಕ್ಕಳಿಂದ ಮೂರೂ ಚರಣ ಹಾಡಿಸಿದೆ. ಹಾರ್ಮೋನಿಯಮ್ಮಿನ ಪೀಠಿಕೆಯನ್ನು ಅರ್ಧಕ್ಕೆ ಇಳಿಸಿ, ನಡುವಿನ ಬಾಜನೆಯನ್ನು ತೆಗೆದಾಗ ಐದು ನಿಮಿಷಕ್ಕೆ ಇನ್ನೂ ಸ್ವಲ್ಪ ಉಳಿಯಿತು. ನೋಡಿ, ಇಷ್ಟೇ ಸಂಗತಿ. ನಾನು ಇಪ್ಪತ್ತನಾಲ್ಕು ವರ್ಷ ಪೀಠಿಕೆಗೆ ಜಾಗ ಬಿಟ್ಟುಕೊಟ್ಟಿದ್ದೆ. ನಾಲಗೆಗೆ ಕಷ್ಟ ಎಂದುಕೊಂಡಿದ್ದ ಮಾತುಗಳನ್ನು ಮಕ್ಕಳು ಎರಡು ದಿನದಲ್ಲಿ ಕಲಿತರು. ಆ ಹುಡುಗಿಗೆ ಮೂರನೆಯ ಚರಣವನ್ನು ಎತ್ತಿ ಹಾಡಲು ಕೊಟ್ಟೆ, ಪಕ್ಕದಲ್ಲಿ ನಿಲ್ಲಲು ಬೇರೆ ಬೆಂಚಿನ ಒಬ್ಬಳನ್ನು ಕೊಟ್ಟೆ. ಶ್ರುತಿ ಹೊಂದಬೇಕಾದರೆ ಹತ್ತಿರ ನಿಲ್ಲಬೇಕಷ್ಟೆ. ಅದರಿಂದ ಊರಿನ ಗಲಭೆ ನಿಂತಿತು ಎಂದು ನಾನು ಹೇಳಿದರೆ ನೀವು ನಂಬಬೇಡಿ. ಹಾಡು ಅಷ್ಟು ದೊಡ್ಡ ಕೆಲಸ ಮಾಡುವುದಿಲ್ಲ. ಆ ಇಬ್ಬರು ಹುಡುಗಿಯರು ಮಾರ್ಚಿಯವರೆಗೂ ಬುತ್ತಿ ಹಂಚಿಕೊಂಡು ಉಂಡರು, ಅಷ್ಟನ್ನು ಕಂಡಿದ್ದೇನೆ.

2020ರ ಮೇ 3ರಂದು ನಿಸಾರ್ ಅಹಮದರು ತೀರಿಕೊಂಡರು. ಲಾಕ್‌ಡೌನಿನ ದಿನಗಳು. ಸಭೆ ಇಲ್ಲ, ಶಾಲೆ ಇಲ್ಲ. ಮಧ್ಯಾಹ್ನದಿಂದ ನನ್ನ ಮೊಬೈಲಿಗೆ ಹಳೆಯ ವಿದ್ಯಾರ್ಥಿಗಳು ತಮ್ಮ ದನಿಯಲ್ಲಿಯೇ ಹಾಡನ್ನು ಹಾಡಿ ಕಳಿಸತೊಡಗಿದರು. ಕೇಳುತ್ತ ಕುಳಿತೆ. ಬೆಳ್ತಂಗಡಿಯ ಮಕ್ಕಳು, ಈಗ ತಾವೇ ತಾಯಂದಿರಾದವರು, ಎರಡು ಚರಣ ಹಾಡಿ ನಿಲ್ಲಿಸಿದ್ದರು. ಮೂಡುಬಿದಿರೆಯವಳೊಬ್ಬಳು, ಮದುವೆಯಾಗಿ ದುಬೈಯಲ್ಲಿರುವವಳು, ತನ್ನ ಪುಟ್ಟ ಮಗಳಿಂದ ಹಾಡಿಸಿದ್ದಳು. ಆ ಮಗುವೂ ಎರಡಕ್ಕೇ ನಿಲ್ಲಿಸಿತು. ಟೀಚರ್ ಕಲಿಸಿದ್ದನ್ನು ತಾಯಿ ಕಲಿಸಿದ್ದಾಳೆ! ನನ್ನ ತಪ್ಪು ಸಮುದ್ರ ದಾಟಿ ಎರಡನೆಯ ತಲೆಮಾರಿಗೆ ಹೋಗಿರುವುದನ್ನು ನನ್ನ ಕಿವಿಯಿಂದಲೇ ಕೇಳಿದೆ. ಅವಳಿಗೆ ಮೂರನೆಯ ಚರಣವನ್ನು ಬರೆದು ಕಳಿಸಿದೆ. “ಇದೂ ಉಂಟಾ ಟೀಚರ್?” ಎಂದು ಉತ್ತರ ಬಂತು.

2021ರ ಅಕ್ಟೋಬರ್ 28ರಂದು ರಾಜ್ಯದಾದ್ಯಂತ ಒಂದೇ ಹೊತ್ತಿಗೆ ಕನ್ನಡದ ಮೂರು ಹಾಡುಗಳನ್ನು ಹಾಡುವ ಕಾರ್ಯಕ್ರಮ ಸರಕಾರದಿಂದ ನಡೆಯಿತು. ಒಂದು ಕುವೆಂಪು ಅವರದು, ಒಂದು ಹಂಸಲೇಖ ಅವರದು, ಮತ್ತೊಂದು ‘ನಿತ್ಯೋತ್ಸವ’. ನಮ್ಮ ಅಂಗಳದಲ್ಲಿ ಮಕ್ಕಳು ಮಾಸ್ಕು ಕೆಳಗಿಳಿಸಿ ಹಾಡಿದರು. ಮೂರೂ ಚರಣ ಹಾಡಿದರು.

ಇನ್ನು ಕೆಲವೇ ವರ್ಷಗಳಲ್ಲಿ ನನಗೆ ನಿವೃತ್ತಿ. ಅಣ್ಣ ಇಳಿಸಿ ತಂದ ಆ ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿದೆ. ಹಾಕಿ ಕೇಳುವ ಯಂತ್ರ ಮನೆಯಲ್ಲಿಲ್ಲ, ಇದ್ದರೂ ಟೇಪು ಅಂಟಿಕೊಂಡಿರಬೇಕು. ಅಮ್ಮ ಈಗ ಇಲ್ಲ. ಹೋದ ವರ್ಷದ ಪ್ರಾಕ್ಟೀಸಿಗೆ ಮಕ್ಕಳನ್ನು ಕೂರಿಸಿ ಬೋರ್ಡಿನ ಮೇಲೆ ಬರೆಯುವಾಗ ನಾನು ಕ್ರಮ ಬದಲಾಯಿಸಿದೆ. ಮೂರನೆಯ ಚರಣವನ್ನು ಮೊದಲು ಬರೆದೆ. ಟೈಮ್ ಸಾಲದೆ ಬಂದರೆ ಬಿಟ್ಟುಹೋಗುವುದು ಕೊನೆಗೆ ಬರೆದದ್ದು ತಾನೆ? “ಟೀಚರ್, ಉಲ್ಟಾ ಆಯಿತು” ಎಂದ ಮುಂದಿನ ಬೆಂಚಿನ ಹುಡುಗ. ಆಗಲಿ, ಕಲಿಯುವುದು ಈ ಕ್ರಮದಲ್ಲಿ, ಹಾಡುವುದು ಸರಿಯಾದ ಕ್ರಮದಲ್ಲಿ ಎಂದೆ. ಈ ವರ್ಷವೂ ಹಾಗೆಯೇ ಮಾಡುತ್ತೇನೆ. ನಿಮ್ಮ ಮನೆಯ ಮಗು ನವೆಂಬರಿನಲ್ಲಿ ಈ ಹಾಡನ್ನು ಕಲಿತು ಬಂದರೆ, ದಯವಿಟ್ಟು ಎಷ್ಟು ಚರಣ ಕಲಿಸಿದ್ದಾರೆಂದು ಕೇಳಿ ನೋಡಿ.